ಎದೆ, ಕೆಚ್ಚು, ‘ಕರೇಜ್’

ಸಂಕ್ರಾಂತಿ ಕಳೆದ ಮೇಲೆ ನಾಲ್ಕು ದಿನ ಕುಪ್ಪಗಡ್ಡೆಯಲ್ಲಿದ್ದು ಬಂದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಹೋಬಳಿಯ ಊರು ಅದು. ನನ್ನ ಹಳೆಯ ಗೆಳೆಯರೊಬ್ಬರ ಮನೆ ಅಲ್ಲಿದೆ. ಕೊಯ್ಲು ಮುಗಿದು ಗದ್ದೆಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಕಣದಲ್ಲಿ ಹುಲ್ಲಿನ ಬಣವೆ ಎದ್ದು ನಿಂತಿತ್ತು. ಮಾಡುವುದಕ್ಕೆ ಕೆಲಸವಿಲ್ಲದ ಅತಿಥಿಗೆ ಮಲೆನಾಡಿನ ಮನೆಯ ಜಗಲಿಯಷ್ಟು ಹಿತವಾದ ಸ್ಥಳ ಬೇರೊಂದಿಲ್ಲ. ಆದರೆ ಪದಗಳ ವಿಚಾರ ಬರೆಯುವವನ ಹಣೆಯಲ್ಲಿ ಬಿಡುವೆಂಬುದನ್ನು ಬ್ರಹ್ಮ ಬರೆದಿಲ್ಲ. ಗೆಳೆಯರ ಮೊಮ್ಮಗ, ಎಂಟನೆಯ ತರಗತಿಯ ಹುಡುಗ, ನೋಟುಪುಸ್ತಕವನ್ನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತ.

“ಅಜ್ಜಾ, ‘ಕರೇಜ್’ ಅಂದರೆ ಧೈರ್ಯವೋ, ಶೌರ್ಯವೋ, ಸಾಹಸವೋ?”

“ನಿಘಂಟಿನಲ್ಲಿ ಏನೆಂದಿದೆ?”

“ಮೂರೂ ಇದೆ. ಕೆಚ್ಚು ಅಂತಲೂ ಇದೆ. ಅದಕ್ಕೇ ನಿಮ್ಮನ್ನು ಕೇಳಿದ್ದು.”

ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ಪ್ರಬಂಧ ಕೊಟ್ಟಿದ್ದರು: ‘ನಾನು ಕಂಡ ಧೈರ್ಯಶಾಲಿ’. ಹತ್ತು ವಾಕ್ಯ ಬರೆಯಬೇಕು. ಹತ್ತರಲ್ಲಿ ಒಂದರಲ್ಲಾದರೂ ‘ಕರೇಜ್’ ಎಂಬ ಪದ ಬರಬೇಕು. ವಿಚಾರಿಸಿದಾಗ ಹುಡುಗನ ಸಂಕಟ ಪದದ್ದು ಮಾತ್ರವಲ್ಲವೆಂದು ತಿಳಿಯಿತು. “ನನ್ನ ಪಕ್ಕ ಕೂರುವವನ ಮಾವ ಮಿಲಿಟರಿಯಲ್ಲಿದ್ದಾರೆ, ಅವನಿಗೆ ಸುಲಭ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲವಲ್ಲ!” ಎಂದ. ಗೆಳೆಯರು ಪತ್ರಿಕೆಯ ಹಿಂದಿನಿಂದ ಮೆಲ್ಲಗೆ ನಕ್ಕರು. ಬಾಗಿಲ ಹೊಸ್ತಿಲ ಬಳಿ ಅವರ ತಾಯಿ, ಎಂಬತ್ತೈದು ದಾಟಿದ ಮುದುಕಿ, ಹುಣಿಸೆಹಣ್ಣು ಬಿಡಿಸಿ ಬೀಜ ತೆಗೆಯುತ್ತ ಕುಳಿತಿದ್ದರು. ಅವರು ತಲೆಯೆತ್ತಲಿಲ್ಲ.

ಹುಡುಗನಿಗೆ ಅಂದು ನಾನು ಹೇಳಿದ್ದನ್ನೂ ಹೇಳಲಾರದೆ ಹೋದದ್ದನ್ನೂ ಕೂಡಿಸಿ ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

‘ಕರೇಜ್’ ಇಂಗ್ಲಿಷಿನ ಸ್ವಂತ ಮಾತಲ್ಲ. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುಕೊಂಡ ಮೇಲೆ ಅಲ್ಲಿಯ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಬಹುಕಾಲ ಫ್ರೆಂಚ್ ಭಾಷೆಯೇ ಮೆರೆಯಿತು. ಆ ಭಾಷೆಯಿಂದ ಇಂಗ್ಲಿಷಿನ ಮನೆಗೆ ಬಂದು ಅಲ್ಲಿಯೇ ನೆಲಸಿದ ಸಾವಿರಾರು ಪದಗಳಲ್ಲಿ ಇದೂ ಒಂದು. ಇದರ ಬೇರು ಲ್ಯಾಟಿನ್ನಿನ ‘ಕೋರ್’, ಅರ್ಥ, ಹೃದಯ. ‘ಕರೇಜ್’ ಎಂದರೆ ಎದೆಗೆ ಸಂಬಂಧಪಟ್ಟದ್ದು, ಅಷ್ಟೆ. ಮೊದಮೊದಲು ಅದಕ್ಕೆ ಧೈರ್ಯವೆಂಬ ಅರ್ಥವೊಂದೇ ಇರಲಿಲ್ಲ. ಆಸೆ, ಸಿಟ್ಟು, ಉಲ್ಲಾಸ, ಅಭಿಲಾಷೆ, ಹೀಗೆ ಎದೆಯಲ್ಲಿ ಏನೇನು ಹುಟ್ಟುತ್ತದೆಯೋ ಅದೆಲ್ಲವೂ ‘ಕರೇಜ್’ ಎನಿಸಿಕೊಳ್ಳುತ್ತಿತ್ತು. ಹದಿನಾಲ್ಕನೆಯ ಶತಮಾನದ ಕವಿ ಚಾಸರನು ‘ಕ್ಯಾಂಟರ್ಬರಿ ಕತೆಗಳ’ ಪೀಠಿಕೆಯಲ್ಲಿ ವಸಂತಮಾಸದ ಹಕ್ಕಿಗಳ ಎದೆಯ ತುಡಿತಕ್ಕೆ ಈ ಪದವನ್ನೇ ಬಳಸಿದ್ದಾನೆ. ಆ ಹಕ್ಕಿಗಳು ಯಾವ ಯುದ್ಧಕ್ಕೂ ಹೊರಟಿರಲಿಲ್ಲ. ಇರುಳೆಲ್ಲ ನಿದ್ದೆಗೆಟ್ಟು ಸಂಗಾತಿಗಾಗಿ ಹಂಬಲಿಸುತ್ತಿದ್ದುವು. ಕಾಲಕ್ರಮದಲ್ಲಿ ಎದೆಯೊಳಗಿನ ಬಳಗವೆಲ್ಲ ಬೇರೆ ಬೇರೆ ಹೆಸರುಗಳನ್ನು ಹುಡುಕಿಕೊಂಡು ಮನೆ ಬಿಟ್ಟುಹೋಯಿತು. ಹಳೆಯ ಮನೆಯಲ್ಲಿ ಉಳಿದುಕೊಂಡದ್ದು, ಭಯದ ಎದುರಿನಲ್ಲಿ ನಿಲ್ಲುವ ಗುಣವೊಂದೇ.

ಇದೇ ಬೇರಿನ ಇನ್ನೆರಡು ಚಿಗುರುಗಳನ್ನು ಹೇಳಿಬಿಡುತ್ತೇನೆ. ‘ರೆಕಾರ್ಡ್’ ಎಂದರೆ ಮರಳಿ ಎದೆಗೆ ತಂದುಕೊಳ್ಳುವುದು. ತಾಲ್ಲೂಕು ಕಚೇರಿಯ ರೆಕಾರ್ಡು ಕೋಣೆಗೂ ಹೃದಯಕ್ಕೂ ಸಂಬಂಧವಿದೆಯೆಂದು ಹೇಳಿದರೆ ಅಲ್ಲಿ ಪಹಣಿಗಾಗಿ ಅಲೆದವರು ನಂಬಲಿಕ್ಕಿಲ್ಲ. ‘ಡಿಸ್ಕರೇಜ್’ ಎಂಬುದಕ್ಕೆ ‘ನಿರುತ್ಸಾಹಗೊಳಿಸು’ ಎಂದು ನಾವು ದೊಡ್ಡ ಸಂಸ್ಕೃತಪದವನ್ನು ಹುಡುಕುತ್ತೇವೆ. ‘ಎದೆಗೆಡಿಸು’ ಎಂಬ ಅಚ್ಚಗನ್ನಡದ ಮಾತು ಪಕ್ಕದಲ್ಲಿಯೇ ನಿಂತಿದೆ. ಲ್ಯಾಟಿನ್ನಿನವರು ಹೆಣೆದ ಹಾಗೆಯೇ ನಮ್ಮವರೂ ಹೆಣೆದಿದ್ದಾರೆ, ಒಬ್ಬರನ್ನೊಬ್ಬರು ಕೇಳದೆ. ಎದೆಗುಂದು, ಎದೆಗೆಡು, ಎದೆಗಾರ, ಕೆಚ್ಚೆದೆ, ಇವೆಲ್ಲ ಅದೇ ಓಣಿಯ ಮನೆಗಳು. ಒಂದು ಕಡೆ ಮಾತ್ರ ನಾವು ಅವರಿಂದ ಬೇರೆಯಾದೆವು: ಪಾಠವನ್ನು ಬಾಯಿಗೆ ಬರುವಂತೆ ಕಲಿಯುವುದನ್ನು ಇಂಗ್ಲಿಷರು ಎದೆಯಿಂದ ಕಲಿಯುವುದು ಎನ್ನುತ್ತಾರೆ, ನಾವು ಅದನ್ನು ಕಂಠಪಾಠವೆಂದು ಗಂಟಲಿನಲ್ಲಿಯೇ ನಿಲ್ಲಿಸಿದ್ದೇವೆ. ನಮ್ಮ ಶಾಲೆಗಳ ಪರೀಕ್ಷೆಗಳನ್ನು ಬಲ್ಲವರಿಗೆ ನಮ್ಮ ಮಾತೇ ಹೆಚ್ಚು ಪ್ರಾಮಾಣಿಕವೆಂದು ತೋರೀತು.

ಸಂಸ್ಕೃತದ ‘ಹೃದ್’, ಗ್ರೀಕಿನ ‘ಕಾರ್ಡಿಯ’, ಲ್ಯಾಟಿನ್ನಿನ ‘ಕೋರ್’, ಇಂಗ್ಲಿಷಿನ ‘ಹಾರ್ಟ್’, ಈ ನಾಲ್ಕೂ ಒಂದೇ ಕುಟುಂಬದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅದಕ್ಕಿಂತ ಸೊಗಸಾದ ಸಂಗತಿಯೆಂದರೆ ನಮ್ಮ ‘ಶ್ರದ್ಧೆ’ಯೂ ಅದೇ ಕುಟುಂಬದ್ದು. ‘ಶ್ರತ್’ ಎಂದರೆ ಎದೆ, ‘ಧಾ’ ಎಂದರೆ ಇಡು. ಎದೆಯನ್ನು ಇಡುವುದೇ ಶ್ರದ್ಧೆ. ಹಾಗಾದರೆ ಶ್ರದ್ಧೆಯೂ ‘ಕರೇಜ್’ ಎಂಬುದೂ ಒಂದೇ ಬೇರಿನ ದೂರದ ನೆಂಟರಾದುವು. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಬೇಕಾಗುತ್ತದೆ.

ಧೈರ್ಯವನ್ನು ದೇಹದ ಒಳಗೆ ಹುಡುಕುವುದು ಎಲ್ಲ ಜನರ ಚಾಳಿ. ಇಂಗ್ಲಿಷಿನಲ್ಲಿ ‘ಪ್ಲಕ್’ ಎಂಬ ಮಾತುಂಟು. ಅದು ಮೂಲತಃ ಕಸಾಯಿಯ ಅಂಗಡಿಯದು. ಕೊಂದ ಪ್ರಾಣಿಯ ಹೊಟ್ಟೆಯಿಂದ ಕಿತ್ತು ತೆಗೆದ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶಗಳ ಗೊಂಚಲಿಗೆ ಆ ಹೆಸರು. ‘ಗಟ್ಸ್’ ಎಂದರೆ ಕರುಳು. ನಾವೂ ಹಿಂದೆ ಬಿದ್ದಿಲ್ಲ. “ಅವನಿಗೆ ಗುಂಡಿಗೆ ಇದೆ” ಎನ್ನುತ್ತೇವೆ. ಆದರೆ ಧೈರ್ಯವು ಅಳತೆ ಮೀರಿದರೆ ಅದನ್ನು ಗುಂಡಿಗೆಯಲ್ಲಿ ಉಳಿಯಗೊಡುವುದಿಲ್ಲ. “ಅವನಿಗೆ ಕೊಬ್ಬು” ಎಂದು ಬೇರೆ ಕಡೆಗೆ ಸಾಗಿಸುತ್ತೇವೆ. ಇಂಗ್ಲಿಷರು ಅಂಥವನಲ್ಲಿ ಪಿತ್ತವನ್ನು ಕಾಣುತ್ತಾರೆ.

ಇನ್ನು ‘ಬ್ರೇವ್’. ಇದು ಇಟಲಿಯವರ ‘ಬ್ರಾವೊ’ ಎಂಬುದರಿಂದ ಫ್ರೆಂಚಿನ ಮೂಲಕ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ‘ಬಾರ್ಬರಸ್’, ಎಂದರೆ ಒರಟ, ಅನಾಗರಿಕ ಎಂಬ ಪದವಿದೆಯೆಂದು ಹಲವರು ಊಹಿಸುತ್ತಾರೆ. ಸಂಗೀತಸಭೆಯಲ್ಲಿ ‘ಬ್ರಾವೊ’ ಎಂದು ಕೂಗುವವರು ಆ ಹೆಸರಿನಿಂದಲೇ ಬಾಡಿಗೆಯ ಕೊಲೆಗಾರನನ್ನೂ ಕರೆಯುತ್ತಿದ್ದರೆಂಬುದನ್ನು ಅರಿಯರು. ಷೇಕ್ಸ್‌ಪಿಯರನ ಕಾಲದಲ್ಲಿ ‘ಬ್ರೇವರಿ’ಯೆಂದರೆ ಥಳಕಿನ ಉಡುಗೆತೊಡುಗೆಯೆಂಬ ಅರ್ಥವೂ ಇತ್ತು. ಹೊರಗಿನವರ ಕಣ್ಣಿಗೆ ಹೊಳೆಯುವುದೇ ಆ ಪದದ ಸ್ವಭಾವವೆಂದು ಇದರಿಂದ ಕಾಣುತ್ತದೆ. ‘ವ್ಯಾಲರ್’ ಎಂಬುದು ಬಲ, ಬೆಲೆ ಎಂಬ ಅರ್ಥದ ಬೇರಿನಿಂದ ಬಂದದ್ದು. ೧೮೫೬ರಲ್ಲಿ ಬ್ರಿಟನ್ನಿನಲ್ಲಿ ವಿಕ್ಟೋರಿಯಾ ಕ್ರಾಸ್ ಎಂಬ ಪದಕವನ್ನು ಸ್ಥಾಪಿಸುವಾಗ ಅದರ ಮೇಲೆ ‘ಧೀರರಿಗಾಗಿ’ ಎಂಬ ಅರ್ಥದ ಮಾತನ್ನು ಕೆತ್ತಬೇಕೆಂಬ ಸಲಹೆಯಿತ್ತು. ರಾಣಿ ವಿಕ್ಟೋರಿಯಾ ಒಪ್ಪಲಿಲ್ಲ. ಪದಕ ದೊರೆತವರು ಮಾತ್ರ ಧೀರರು, ಮಿಕ್ಕವರು ಅಲ್ಲ ಎಂದು ಜನ ತಿಳಿದಾರು ಎಂಬುದು ಆಕೆಯ ಆಕ್ಷೇಪ. ಕೊನೆಗೆ ‘ಶೌರ್ಯಕ್ಕಾಗಿ’ ಎಂಬರ್ಥದ ‘ವ್ಯಾಲರ್’ ನಿಂತಿತು. ಪದಗಳ ತೂಕವನ್ನು ಬಲ್ಲ ಹೆಂಗಸೆಂದು ಈ ಒಂದು ಕಾರಣಕ್ಕಾದರೂ ಆಕೆಯನ್ನು ಮೆಚ್ಚಬೇಕು.

ನಮ್ಮ ಪದಗಳ ಕಡೆಗೆ ಬರೋಣ. ‘ವೀರ’ ಎಂಬುದಕ್ಕೂ ಲ್ಯಾಟಿನ್ನಿನ ‘ವಿರ್’ ಎಂಬುದಕ್ಕೂ ಒಂದೇ ಮೂಲ. ಎರಡಕ್ಕೂ ಗಂಡಸು ಎಂಬುದು ಅರ್ಥ. ‘ಧೃಷ್ಟ’ವು ಕನ್ನಡದ ನಾಲಗೆಯಲ್ಲಿ ಹೊರಳಿ ‘ದಿಟ್ಟ’ವಾಯಿತು, ಅದರ ಧಾತುವಿಗೂ ಇಂಗ್ಲಿಷಿನ ‘ಡೇರ್’ ಎಂಬುದಕ್ಕೂ ರಕ್ತಸಂಬಂಧವುಂಟು. ‘ಧೀರ’ದಲ್ಲಿ ಎರಡು ಎಳೆಗಳು ಹೊಸೆದುಕೊಂಡಿವೆ: ಒಂದು, ಬಿಡದೆ ಹಿಡಿದುಕೊಂಡು ಸ್ಥಿರವಾಗಿ ನಿಲ್ಲುವುದು, ಇನ್ನೊಂದು ‘ಧೀ’, ಎಂದರೆ ಬುದ್ಧಿ. ಹೀಗಾಗಿ ಧೈರ್ಯದಲ್ಲಿ ಓಟವಿಲ್ಲ, ನಿಲುವಿದೆ. ‘ಸಾಹಸ’ಕ್ಕೆ ಬೇರೊಂದು ಚರಿತ್ರೆ. ಧರ್ಮಶಾಸ್ತ್ರಗಳಲ್ಲಿ ಸಾಹಸವೆಂದರೆ ಬಲಾತ್ಕಾರದಿಂದ ಮಾಡಿದ ಅಪರಾಧ. ಕೊಲೆ ಸುಲಿಗೆಗಳು ಅದರಲ್ಲಿ ಸೇರುತ್ತಿದ್ದುವು. ಕನ್ನಡದಲ್ಲಿ ರನ್ನನ ಕಾಲಕ್ಕಾಗಲೇ ಅದು ಬಿರುದಾಗಿತ್ತು. ಅವನ ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ವೆಂಬ ಇನ್ನೊಂದು ಹೆಸರೇ ಇದೆ. ಅಪರಾಧಪಟ್ಟಿಯಲ್ಲಿದ್ದ ಪದ ಕಾವ್ಯದ ಸಿಂಹಾಸನವನ್ನೇರಿತು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಕೆಚ್ಚು’. ಇದು ಪಂಡಿತರು ಕೊಟ್ಟ ಪದವಲ್ಲ, ಬಡಗಿ ಕೊಟ್ಟದ್ದು. ಮರವನ್ನು ಅಡ್ಡಲಾಗಿ ಕೊಯ್ದರೆ ಹೊರಗೆ ಬಿಳಿಯ ಭಾಗ, ನಡುವೆ ಕಪ್ಪಾದ, ಗಟ್ಟಿಯಾದ ಭಾಗ ಕಾಣಿಸುತ್ತದೆ. ಆ ನಡುವಿನದೇ ಕೆಚ್ಚು. ಹೊರಗಿನದನ್ನು ಹುಳು ತಿನ್ನುತ್ತದೆ, ಗೆದ್ದಲು ತಿನ್ನುತ್ತದೆ. ಕೆಚ್ಚು ಬೇಗ ಜಗ್ಗುವುದಿಲ್ಲ. ಆದುದರಿಂದ ಬಾಗಿಲುವಾಡಕ್ಕೂ ಕಂಬಕ್ಕೂ ಕೆಚ್ಚೇ ಬೇಕು. ಎಳೆಯ ಮರದಲ್ಲಿ ಕೆಚ್ಚು ಇರುವುದಿಲ್ಲ. ಮಳೆಬಿಸಿಲುಗಳು ಎಷ್ಟೋ ಸಲ ಬಂದು ಹೋಗಬೇಕು. ಇನ್ನೊಂದು ವಿಶೇಷವೆಂದರೆ ಮರ ನಿಂತಿರುವಾಗ ಅದು ಕಣ್ಣಿಗೆ ಬೀಳುವುದೂ ಇಲ್ಲ. ‘ಕರೇಜ್’ ಎಂಬುದಕ್ಕೆ ಒಂದೇ ಕನ್ನಡ ಪದವನ್ನು ಹೇಳಿರೆಂದು ಯಾರಾದರೂ ನನ್ನನ್ನು ಹಿಡಿದು ನಿಲ್ಲಿಸಿದರೆ ಇದನ್ನೇ ಹೇಳಿಯೇನು.

ಸಂಜೆ ಹುಡುಗನೂ ನಾನೂ ಊರ ಹೊರಗೆ ತಿರುಗಾಡಿಕೊಂಡು ಬರಲು ಹೊರಟೆವು. ದಾರಿಯ ಬದಿಯಲ್ಲಿ ಅರ್ಧ ಹೂತುಹೋದ ಒಂದು ಬೀರಗಲ್ಲು ನಿಂತಿತ್ತು, ಅಕ್ಷರಗಳೆಲ್ಲ ಸವೆದುಹೋಗಿದ್ದುವು. ಸೊರಬ ಶಿಕಾರಿಪುರಗಳ ಸೀಮೆಯಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ಹಿಂದೆ ಬನವಾಸಿ ಪನ್ನಿರ್ಛಾಸಿರವೆಂದು ಹೆಸರಾದ ನಾಡು ಇದು. ರೈಸ್ ಸಾಹೇಬರು ಶತಮಾನಕ್ಕೂ ಹಿಂದೆ ಪ್ರಕಟಿಸಿದ ಶಾಸನಸಂಪುಟಗಳಲ್ಲಿ ಏಳನೆಯದೂ ಎಂಟನೆಯದೂ ಈ ಜಿಲ್ಲೆಗೇ ಮೀಸಲು. ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುವುದು. ಸತ್ತ ಕಾರಣವನ್ನು ಶಾಸನಗಳು ಚುಟುಕಾಗಿ ಹೇಳುತ್ತವೆ. ತುರುಗೊಳ್ ಎಂದರೆ ದನಗಳನ್ನು ಹೊಡೆದುಕೊಂಡು ಹೋದದ್ದು, ಊರಳಿವು ಎಂದರೆ ಊರಿಗೆ ಬಂದ ನಾಶ, ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮಾನ ಕಾಯಲು ಎದ್ದ ಕೂಗು. ಅರಸನ ದಿಗ್ವಿಜಯಕ್ಕಿಂತ ಊರಿನ ದನವೇ ಎಷ್ಟೋ ಕಲ್ಲುಗಳನ್ನು ನಿಲ್ಲಿಸಿದೆ. ಸತ್ತವನ ಮನೆಯವರಿಗೆ ಭೂಮಿ ದೊರೆಯುತ್ತಿತ್ತು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಬದುಕಿ ಬಂದ ವೀರನಿಗೆ ಕೊಟ್ಟ ಮನ್ನಣೆಗೆ ‘ಬಾಳ್ಗಳ್ಚು’ ಎಂಬ ಹೆಸರನ್ನು ಹಲ್ಮಿಡಿಯ ಶಾಸನದಲ್ಲಿಯೇ ಕಾಣುತ್ತೇವೆ. ಎಂದರೆ ಕತ್ತಿಯನ್ನು ತೊಳೆದದ್ದಕ್ಕೆ ಕೊಟ್ಟದ್ದು. ಕನ್ನಡದ ತೀರ ಹಳೆಯ ಬರಹಗಳಲ್ಲಿ ಒಂದಾದ ಅದು ಧೈರ್ಯದ ಲೆಕ್ಕವನ್ನೇ ಬರೆದಿಟ್ಟಿದೆ.

“ಎಲ್ಲಾ ಕತ್ತಿ ಹಿಡಿದವರೇ” ಎಂದ ಹುಡುಗ, ಕಲ್ಲಿನ ಕೆಳ ಅಂತಸ್ತನ್ನು ಕೈಯಿಂದ ತಡವಿ ನೋಡಿ.

ಎಲ್ಲರೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಒಂದು ಶಾಸನವಿದೆ. ಅದು ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲದ್ದು. ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ, ೯೧೧ರ ಸುಮಾರಿನಲ್ಲಿ, ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಗಂಡ ಸತ್ತ ಮನೆಯಲ್ಲಿ ನಾಡಿನ ಲೆಕ್ಕಪತ್ರ, ಜಗಳ, ಕಂದಾಯಗಳನ್ನೆಲ್ಲ ಹೆಗಲಿಗೇರಿಸಿಕೊಂಡು ಆಕೆ ಆಳಿದಳು. ಶಾಸನವು ಅವಳ ಆಡಳಿತದ ಜಾಣ್ಮೆಯನ್ನು ಹೊಗಳುತ್ತದೆ. ಹೆಣ್ಣಾಗಿದ್ದೂ ವೀರದಲ್ಲಿ ಕಡಮೆಯಿಲ್ಲದವಳೆಂದು ಕೊಂಡಾಡುತ್ತದೆ. ‘ಗಂಡಸು’ ಎಂಬ ಅರ್ಥದಿಂದ ಹುಟ್ಟಿದ ಪದದ ಮನೆತನದಲ್ಲಿಯೇ ಆಕೆಗೆ ಜಾಗ ಮಾಡಿಕೊಡಬೇಕಾಯಿತು, ಬೇರೆ ಪದವನ್ನು ಹುಡುಕುವ ತೊಂದರೆಯನ್ನು ಶಾಸನಕವಿ ತೆಗೆದುಕೊಳ್ಳಲಿಲ್ಲ! ಕೊನೆಗೆ ಕಾಯಿಲೆ ಹಿಡಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ಜೈನವಿಧಿಯಂತೆ ವ್ರತ ತೊಟ್ಟು ದೇಹಬಿಟ್ಟಳು. ಅವಳ ಕೈಯಲ್ಲಿ ಕತ್ತಿಯಿತ್ತೆಂದು ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಈ ಸೀಮೆಯ ಧೈರ್ಯದ ವಿಚಾರ ಎತ್ತಿ ಈಸೂರನ್ನು ಬಿಡುವಂತಿಲ್ಲ. ಅದೂ ಶಿಕಾರಿಪುರ ತಾಲ್ಲೂಕಿನದೇ. ೧೯೪೨ರ ಚಳವಳಿಯಲ್ಲಿ ಆ ಹಳ್ಳಿ ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರರೆಂದು ನೇಮಿಸಿಕೊಂಡಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ನಾಡೆಲ್ಲ ಹಬ್ಬಿತು. ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಸತ್ತರು. ಆಮೇಲೆ ಸೈನ್ಯ ಬಂತು. ಮನೆಗಳು ಬೆಂಕಿಗೆ ಬಿದ್ದುವು. ಜನ ಕಾಡು ಸೇರಿದರು. ೧೯೪೩ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು. ಒಂದೇ ಕೃತ್ಯ: ನ್ಯಾಯಾಲಯ ಅದರಲ್ಲಿ ಧರ್ಮಶಾಸ್ತ್ರದ ‘ಸಾಹಸ’ವನ್ನು ಕಂಡಿತು, ಊರು ರನ್ನನ ‘ಸಾಹಸ’ವನ್ನು ಕಂಡಿತು. ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡಿಗರೇ, ಸಂಬಳಕ್ಕೆ ದುಡಿಯುತ್ತಿದ್ದವರೇ. ಐವರ ಹೆಸರನ್ನು ಗೌರವದಿಂದ ಹೇಳುವ ನಾನು ಆ ಇಬ್ಬರ ಮನೆಗಳಲ್ಲಿ ಅಂದು ಏನಾಯಿತೆಂಬುದನ್ನೂ ಯೋಚಿಸದೆ ಇರಲಾರೆ. ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ, “ಆದರೆ ಅಜ್ಜಾ, ನಾನು ಕಂಡವರ ಬಗ್ಗೆ ಬರೆಯಬೇಕು” ಎಂದ. ಮಕ್ಕಳು ಪ್ರಶ್ನೆಪತ್ರಿಕೆಯನ್ನು ನಮಗಿಂತ ಚೆನ್ನಾಗಿ ಓದುತ್ತಾರೆ.

ಮನೆಗೆ ಬಂದಾಗ ದೀಪ ಹಚ್ಚಿದ್ದರು. ಊಟದ ಅನಂತರ ಮಾತು ಅದೂ ಇದೂ ಆಗಿ ಮಂಗನ ಕಾಯಿಲೆಯ ಕಡೆಗೆ ಹೊರಳಿತು. ಬೇಸಗೆ ಸಮೀಪಿಸಿದರೆ ಮಲೆನಾಡಿನಲ್ಲಿ ಆ ಮಾತು ಬಾರದೆ ಇರುವುದಿಲ್ಲ. ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಆ ರೋಗಕ್ಕೆ ಇರುವ ಹೆಸರು ಇದೇ ಸೊರಬ ತಾಲ್ಲೂಕಿನ ಒಂದು ಕಾಡಿನದು: ಕ್ಯಾಸನೂರು. ೧೯೫೭ರಲ್ಲಿ ಅಲ್ಲಿ ಮಂಗಗಳು ಮರದಿಂದ ಉದುರಿ ಸಾಯತೊಡಗಿದುವು. ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನರು ಜ್ವರದಿಂದ ಮಲಗಿದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದನ್ನು ಕಂಡು ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರವೇ ನಮ್ಮ ದೇಶಕ್ಕೆ ಕಾಲಿಟ್ಟಿತೋ ಎಂದು ವಿಜ್ಞಾನಿಗಳು ಬೆಚ್ಚಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮೊದಲಾದವರು ಧಾವಿಸಿ ಬಂದರು. ಸತ್ತ ಮಂಗಗಳನ್ನು ಹೊತ್ತು ತಂದರು, ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣ್ಣೆಗಳನ್ನು ಹಿಡಿದರು. ರೋಗ ಬೇರೆಯೇ ಎಂದೂ, ಅದರ ವೈರಸ್ಸಿನ ಹತ್ತಿರದ ನೆಂಟರು ರಷ್ಯದ ಕಾಡುಗಳಲ್ಲಿರುವರೆಂದೂ, ಅದು ಉಣ್ಣೆ ಕಚ್ಚುವುದರಿಂದ ಬರುವುದೆಂದೂ ಗೊತ್ತಾಯಿತು. ಅದರ ಮೇಲೆ ದುಡಿದ ಪ್ರಯೋಗಾಲಯದವರಲ್ಲಿಯೂ ಹಲವರಿಗೆ ಅದೇ ಜ್ವರ ಬಂದಿತು. ರೋಗ ತಗುಲಿದ ನೂರು ಜನರಲ್ಲಿ ೩ರಿಂದ ೫ ಮಂದಿ ಸಾಯುತ್ತಾರೆ. ಯುದ್ಧಭೂಮಿಯಲ್ಲದ ಕಡೆ ತೋರಿದ ಶೌರ್ಯಕ್ಕೆಂದು ನಮ್ಮ ಸರಕಾರ ೧೯೫೨ರಲ್ಲಿ ಅಶೋಕಚಕ್ರವನ್ನು ಸ್ಥಾಪಿಸಿತು. ಸತ್ತ ಮಂಗವನ್ನು ಬರಿಗೈಯ ಅಂತರದಲ್ಲಿ ಕೊಯ್ದು ನೋಡಿದವರನ್ನು ನೆನೆದಾಗಲೆಲ್ಲ ನನಗೆ ಆ ಪದಕದ ನೆನಪಾಗುತ್ತದೆ.

“ಬಟ್ಟೆ ಎಳೆದುಕೊಂಡು ಹೋಗುತ್ತಿದ್ದರು, ನಾನೇ ನೋಡಿದ್ದೆ” ಎಂದರು ಹೊಸ್ತಿಲ ಬಳಿಯಿಂದ ಗೆಳೆಯರ ತಾಯಿ. ಎಲ್ಲರೂ ಅತ್ತ ತಿರುಗಿದೆವು.

ಅವರ ತವರೂರು ಆ ಕಾಡಿನ ಅಂಚಿನಲ್ಲಿಯೇ ಇದ್ದದ್ದು. ಆಗ ಅವರಿಗೆ ಹದಿನೇಳು ವರ್ಷ. ಆ ಬೇಸಗೆಯಲ್ಲಿ ಅವರ ತಾಯಿ ದರಗು ತರಲು ಕಾಡಿಗೆ ಹೋಗಿದ್ದರು. ನಗರದ ವಾಚಕರಿಗೆ ದರಗೆಂದರೇನೆಂದು ಹೇಳಬೇಕು. ಅದು ಕಾಡಿನ ಒಣಗಿದ ಉದುರೆಲೆ. ಅದನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ಹಾಸಿ ದನಗಳು ತುಳಿದ ಮೇಲೆ ಗದ್ದೆಗೆ ಗೊಬ್ಬರವಾಗುತ್ತದೆ. ಗುಡಿಸುವ ಕಾಲವೂ ಉಣ್ಣೆಯ ಮರಿಗಳು ಎಲೆಯಡಿಯಲ್ಲಿ ಕಿಕ್ಕಿರಿಯುವ ಕಾಲವೂ ಒಂದೇ. ತಾಯಿಗೆ ಜ್ವರ ಬಂದಿತು. ತಲೆ ಸಿಡಿಯುತ್ತದೆ, ಸೊಂಟ ಮುರಿಯುತ್ತದೆ ಎಂದು ನರಳಿದರು. ಮೂಗಿನಿಂದ ರಕ್ತ ಬಂದಿತು. ಹನ್ನೊಂದನೆಯ ದಿನ ತೀರಿಕೊಂಡರು. ಮನೆಯಲ್ಲಿ ಮೂವರು 
ಚಿಕ್ಕ ತಮ್ಮಂದಿರು.

“ಮತ್ತೆ ಮುಂದಿನ ವರ್ಷ?” ಎಂದು ಕೇಳಿದೆ.

“ಮುಂದಿನ ವರ್ಷ ನಾನು ಹೋದೆ.”

“ಕಾಡಿಗೆ? ಗೊತ್ತಿದ್ದೂ?”

“ಗೊತ್ತಿಲ್ಲದೆ ಏನು ತಮ್ಮಾ? ಇಡೀ ಊರಿಗೇ ಗೊತ್ತಿತ್ತು. ಉಣುಗು ಕಚ್ಚಿದರೆ ಬರುತ್ತದೆ ಅಂತ ಅವರೇ ಹೇಳಿಹೋಗಿದ್ದರು. ಗದ್ದೆಗೆ ಗೊಬ್ಬರ ಯಾರು ಹಾಕುತ್ತಾರೆ? ಸೀರೆ ಕಾಲಿಗೆ ಬಿಗಿದು ಕಟ್ಟಿಕೊಂಡು, ಎಣ್ಣೆ ಬಳಿದುಕೊಂಡು, ದೇವರ ಹೆಸರು ಹೇಳಿ ಹೋಗುತ್ತಿದ್ದೆ. ಸಂಜೆ ಬಂದು ದೀಪದ ಹತ್ತಿರ ಕೂತು ಮೈಯೆಲ್ಲ ಹುಡುಕಿ ತೆಗೆದು ಬೆಂಕಿಗೆ ಹಾಕುತ್ತಿದ್ದೆ. ಮದುವೆಯಾಗಿ ಈ ಊರಿಗೆ ಬರುವ ತನಕ ನಾಲ್ಕು ವರ್ಷ.”

“ಹೆದರಿಕೆಯಾಗಲಿಲ್ಲವೆ, ಅಜ್ಜಿ?” ಎಂದ ಹುಡುಗ.

“ಆಗದೆ ಏನು! ಹೊರೆ ಕಟ್ಟುವಾಗ ಕೈ ನಡುಗುತ್ತಿತ್ತು. ಸಿಂಬಿ ಇಟ್ಟುಕೊಂಡು ಹೊರೆ ತಲೆಗೇರಿಸಿದ ಮೇಲೆ ನಡುಕ ನಿಲ್ಲುತ್ತಿತ್ತು. ಭಾರಕ್ಕೆ ಇರಬೇಕು.”

ಗೆಳೆಯರು ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟಿದ್ದರು. ಅರವತ್ತು ವರ್ಷ ತಾಯಿಯ ಜೊತೆಗಿದ್ದೂ ಈ ನಾಲ್ಕು ವರ್ಷಗಳ ಸಂಗತಿಯನ್ನು ಅವರು ಹೀಗೆ ಕೇಳಿದ್ದು ಅದೇ ಮೊದಲಂತೆ. ಅಜ್ಜಿ ಸತ್ತದ್ದು ಮಂಗನ ಕಾಯಿಲೆಯಿಂದ ಎಂಬಷ್ಟು ಮಾತ್ರ ಅವರಿಗೆ ಗೊತ್ತಿತ್ತು. ನೀವೇಕೆ ಹೇಳಲಿಲ್ಲವೆಂದು ನಾನು ಆಕೆಯನ್ನು ಕೇಳಿದೆ. “ಹೇಳುವಂಥದ್ದು ಏನಿದೆ ಅದರಲ್ಲಿ?” ಎಂದು ಹುಣಿಸೆಬೀಜದ ಮೊರವನ್ನು ಎತ್ತಿಕೊಂಡು ಒಳಕ್ಕೆ ಹೋದರು.

ಎದೆಯನ್ನು ಇಡುವುದು ಶ್ರದ್ಧೆಯೆಂದು ಮಧ್ಯಾಹ್ನ ನಾನು ದೊಡ್ಡದಾಗಿ ವಿವರಿಸಿದ್ದೆನಷ್ಟೆ. ಭರತಮುನಿಯು ವೀರರಸಕ್ಕೆ ಉತ್ಸಾಹವೇ ಸ್ಥಾಯಿಭಾವವೆಂದು ಹೇಳಿದ್ದಾನೆ. ಆ ಹುಡುಗಿ ಹೊರೆ ಕಟ್ಟುತ್ತಿದ್ದಾಗ ಅವಳಲ್ಲಿ ಉತ್ಸಾಹವೆಂಬುದು ಎಳ್ಳಷ್ಟೂ ಇದ್ದಿರಲಾರದು. ಹಾಗಾದರೆ ಅದು ವೀರವಲ್ಲ, ಶೌರ್ಯವೆಂದರೆ ಆಕೆಯೇ ನಗುತ್ತಾರೆ, ಸಾಹಸವಂತೂ ಅಲ್ಲ. ಇಂಗ್ಲಿಷಿನ ಹಳೆಯ ಪದಕ್ಕೆ ಎದೆಯಲ್ಲಿರುವುದೆಲ್ಲ ಎಂಬ ಅರ್ಥವಿತ್ತಲ್ಲ, ಭಯವೂ ತಾಯಿಯ ದುಃಖವೂ ತಮ್ಮಂದಿರ ಹಸಿವಿನ ಚಿಂತೆಯೂ ಒಟ್ಟಿಗೆ ಇದ್ದ ಆ ಅರ್ಥ, ಅದು ಸರಿಹೊಂದೀತು. ಆ ಅರ್ಥ ಕಳಚಿಹೋದದ್ದು ಭಾಷೆಗೆ ಆದ ನಷ್ಟವೆಂದು ನನಗೆ ಅಂದು ರಾತ್ರಿ ಅನ್ನಿಸಿತು. ಈ ಅಂಕಣದಲ್ಲಿ ಹಿಂದೊಮ್ಮೆ ‘ಕರೇಜ್’ ಎಂದರೆ ಧೈರ್ಯ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೆ. ಅದನ್ನು ಕತ್ತರಿಸಿ ಇಟ್ಟುಕೊಂಡಿರುವ ವಾಚಕರು ಯಾರಾದರೂ ಇದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು.

ಮರುದಿನ ಬೆಳಗ್ಗೆ ಸೊರಬದ ಬಸ್ಸಿಗೆ ಹೊರಡುವ ಮುಂಚೆ ಹುಡುಗ ನೋಟುಪುಸ್ತಕವನ್ನು ತೋರಿಸಿದ. ಹತ್ತು ವಾಕ್ಯಕ್ಕೆ ಬದಲಾಗಿ ಹದಿನಾಲ್ಕು ಬರೆದಿದ್ದ. ದರಗಿಗೆ ಇಂಗ್ಲಿಷಿನಲ್ಲಿ ಏನನ್ನಬೇಕೆಂದು ತಿಳಿಯದೆ ‘ದರಗು’ ಎಂದೇ ಬರೆದು ಕೆಳಗೆ ಗೆರೆ ಎಳೆದಿದ್ದ. ಸಿಂಬಿಗೂ ಹಾಗೆಯೇ. ವ್ಯಾಕರಣದ ತಪ್ಪುಗಳು ಐದಾರು ಇದ್ದುವು. ನಾನು ಎರಡನ್ನು ತಿದ್ದಿ ಮಿಕ್ಕವನ್ನು ಮೇಷ್ಟ್ರಿಗೆ ಬಿಟ್ಟೆ. ‘ಕರೇಜ್’ ಎಂಬ ಪದ ಎಲ್ಲಿಯೂ ಕಾಣಲಿಲ್ಲ.

“ಇದೇನೋ, ಮುಖ್ಯವಾದದ್ದನ್ನೇ ಬಿಟ್ಟಿದ್ದೀಯಲ್ಲ!” ಎಂದೆ.

“ಬರೆದಿದ್ದೆ ಅಜ್ಜಾ. ಬರೆದು ಅಜ್ಜಿಗೆ ಓದಿ ಅರ್ಥ ಹೇಳಿದೆ. ಅದೊಂದು ಸುಳ್ಳು, ತೆಗಿ ಅಂದಳು.”

“ಮತ್ತೆ ಮೇಷ್ಟ್ರು ಅಂಕ ಕಳೆದರೆ?”

ಅವನು ಸ್ವಲ್ಪ ಯೋಚಿಸಿದ. ಪೆನ್ಸಿಲು ತೆಗೆದು ತಲೆಬರಹದ ಪಕ್ಕದಲ್ಲಿ, ಒಳಗಿನವರ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿ, ಆ ಪದವನ್ನು ಬರೆದುಕೊಂಡ.